ಐದು ಸೆಕೆಂಡಿನ ನಿಯಮ

ಗಾಜಿನ ಆ ಬದಿ ಆರ್ವಿಡ್ ಸ್ಟೆನ್ಸ್‌ರುಡ್, ಈ ಬದಿ ನಾನು.
ಇಪ್ಪತ್ತಾರು ವರ್ಷ.
ನಾರ್ತ್ ಡಕೋಟಾದ ಸಕ್ಕರೆ ಕಾರ್ಖಾನೆಯ ಪಕ್ಕ,
ಬೆಂದ ಬೀಟ್‌ ಗಡ್ಡೆಯ ನಾತ ಬಾಗಿಲ ಸಂದಿಯಿಂದ ನುಗ್ಗುವ
ಒಂದೂವರೆ ಕೋಣೆಯ ರೇಡಿಯೋ.
ಆರಕ್ಕೆ ಹವೆ, ಆರೂ ಹತ್ತಕ್ಕೆ ಗೋಧಿಯ ಧಾರಣೆ,
ಆಮೇಲೆ ಅವನ ಮಾತು.

ಅದು ನನ್ನ ಮಾತೂ ಆಗಿತ್ತು, ಮುಚ್ಚಿಡುವುದೇನು.
ಸರ್ಕಾರ ಬಾವಿಯ ಹಗ್ಗದಂತಿರಬೇಕು, ಅನ್ನುತ್ತಿದ್ದ,
ನೀರು ಮುಟ್ಟುವಷ್ಟು ಉದ್ದ,
ಕೊರಳಿಗೆ ಸುತ್ತಿಕೊಳ್ಳುವಷ್ಟಲ್ಲ.
ಸಾಲ ತಂದು ಬೆಣ್ಣೆ ಮೆದ್ದ ರಾಜಧಾನಿಯ ಲೆಕ್ಕ
ಮೊಮ್ಮಕ್ಕಳ ಒಣ ರೊಟ್ಟಿಯ ಮೇಲೆ ಬರೆದಿರುತ್ತದೆ, ಅನ್ನುತ್ತಿದ್ದ.
ಹೊಸ ಕೋಟು ಬೆಚ್ಚಗಿದೆಯೇ?
ಒಂದು ಜನವರಿ ತೊಟ್ಟು ತೋರಿಸಿ,
ಹಳೆಯದನ್ನು ಆಮೇಲೆ ಬಿಸಾಡೋಣ.

ದೊಡ್ಡ ಪತ್ರಿಕೆಯಿಂದ ಒಬ್ಬಳು ಬಂದಿದ್ದಳು ಒಮ್ಮೆ.
ಹೋಟೆಲಿನಲ್ಲಿ ಮೂವರನ್ನು ಮಾತಾಡಿಸಿ,
ಅರ್ಧ ಪೈ ಬಿಟ್ಟು ಹೋದಳು.
ಇಡೀ ಊರು ಸಿಟ್ಟಿನಲ್ಲಿ ಕುದಿಯುತ್ತಿದೆ ಎಂದು ಬರೆದಳು.
ಸಿಟ್ಟೇನಿರಲಿಲ್ಲ ನಮಗೆ.
ಕಾಫಿ ಆರಿತ್ತು, ಅಷ್ಟೆ.
ಅದನ್ನು ಓದಿದ ಮೇಲೆ ಸಿಟ್ಟು ಬಂತು.

ಆ ಮಾರ್ಚಿನಲ್ಲಿ ಅವನು ಯುದ್ಧ ಬೇಕು ಎಂದ.
ಗಾಜಿನ ಈ ಬದಿ ನಾನೂ ತಲೆಯಾಡಿಸಿದೆ.
ಶಾಲೆಯಿಂದ ಹಳೇ ಭೂಪಟ ತಂದು ಗೋಡೆಗೆ ಹೊಡೆದು
ಕೆಂಪು ಗುಂಡುಸೂಜಿ ಚುಚ್ಚುತ್ತ,
ಇಗೋ ಇಲ್ಲಿ ನದಿ, ಇಗೋ ಇಲ್ಲಿ ನಮ್ಮವರು,
ಕಾಣದ ಕೇಳುಗರಿಗೆ ಬೆರಳಿಟ್ಟು ತೋರಿಸುತ್ತಿದ್ದ.

ಎಂಟೂ ಹತ್ತಕ್ಕೆ ಊರಿನ ಸಾವುಗಳು.
ಒಂದು ಮಂಗಳವಾರ ಹಾಳೆಯಲ್ಲಿ ಎರಡೇ ಹೆಸರು.
ಮೊದಲನೆಯದು ತೊಂಬತ್ತರ ಮುದುಕಿ.
ಎರಡನೆಯದು ಬ್ರೆಂಟ್ ಟ್ವೀಟನ್,
ಬೀಟ್ ಲಾರಿ ಓಡಿಸುತ್ತಿದ್ದ ಹುಡುಗ,
ಶಾಲೆಯ ಕುಸ್ತಿಯ ಫಲಿತಾಂಶ ಓದಲು ಬಂದು
ಇದೇ ಮೈಕಿನ ಮುಂದೆ ಬಿಕ್ಕಳಿಕೆ ಹತ್ತಿ
ಊರನ್ನೆಲ್ಲ ನಗಿಸಿದವನು.
ಹೆಸರು ಓದಿದ. ವಯಸ್ಸು ಓದಿದ. ನಿಂತ.

ನಿಯಮ ಹೀಗಿತ್ತು: ಐದು ಸೆಕೆಂಡು ಸದ್ದಿಲ್ಲದಿದ್ದರೆ
ನಾನು ಹಳದಿ ಗುಂಡಿ ಒತ್ತಬೇಕು, ಆರ್ಗನ್ ಸಂಗೀತ ಬರಬೇಕು.
ಬೆರಳು ಗುಂಡಿಯ ಮೇಲೇ ಇತ್ತು.
ಆರು. ಏಳು.
ಅವನ ಕುರ್ಚಿ ಕಿರ್ರೆಂದಿತು.
ಊರಿನ ಎಲ್ಲ ಅಡುಗೆಮನೆಗಳಲ್ಲಿ
ಚಮಚ ಬಟ್ಟಲಿಗೂ ಬಾಯಿಗೂ ನಡುವೆ ನಿಂತದ್ದು
ನನಗೆ ಕೇಳಿಸಿತು ಅಂದರೆ ನಂಬುತ್ತೀರಾ.
ಹನ್ನೆರಡು.
ಗೋಧಿಯ ಧಾರಣೆ ಮತ್ತೊಮ್ಮೆ, ಎಂದ.

ತಪ್ಪಾಯಿತು ಎಂದು ಅವನು ಎಂದೂ ಹೇಳಲಿಲ್ಲ.
ಸೂಜಿ ಕಿತ್ತ, ಭೂಪಟ ಬಿಟ್ಟ.
ತೂತುಗಳು ಹಾಗೇ ಉಳಿದವು.
ಮುಂದೆ ಯಾವ ಮಂತ್ರಿ, ನಮ್ಮ ಪಕ್ಷದವನೇ ಇರಲಿ,
ಮೂರು ವಾರದಲ್ಲಿ ಮುಗಿಯುತ್ತದೆ ಅಂದರೂ
ಇವನದು ಒಂದೇ ಪ್ರಶ್ನೆ: ಯಾರ ಮನೆಯ ಮೂರು ವಾರ?
ಬಿತ್ತನೆ ಬೀಜದವನು ಜಾಹೀರಾತು ನಿಲ್ಲಿಸಿದ.
ಆರ್ವಿಡ್ ಮೆತ್ತಗಾದ ಎಂದು ಫೋನುಗಳು ಬಂದವು.
ಮೈಕು ಆರಿಸಿ ನನ್ನನ್ನು ಕೇಳಿದ,
ಇದ್ದದ್ದನ್ನು ಉಳಿಸಿಕೊಳ್ಳಬೇಕು ಅನ್ನುವವರಲ್ಲವೇ ನಾವು, ಮೈರ್ನಾ,
ಹುಡುಗರನ್ನು ಯಾಕೆ ಆ ಪಟ್ಟಿಯಿಂದ ಬಿಟ್ಟೆವು?
ನಾನು ಟೇಪು ಸುತ್ತುತ್ತಿದ್ದೆ. ಉತ್ತರ ಕೊಡಲಿಲ್ಲ.

ಈಗ ಕೇಂದ್ರವನ್ನು ಯಾವುದೋ ಕಂಪನಿ ಕೊಂಡಿದೆ.
ಬೀರುವಿನಷ್ಟು ದೊಡ್ಡ ಒಂದು ಯಂತ್ರ,
ಟೆಕ್ಸಸ್ಸಿನಿಂದ ಬರುವ ಒಂದು ಗಂಟಲು.
ಅವನು ಹೇಳುವುದರಲ್ಲಿ ಮುಕ್ಕಾಲು ಪಾಲು
ನಾನು ಇವತ್ತಿಗೂ ಒಪ್ಪುವಂಥದ್ದೇ,
ಗಡಿ, ಸಾಲ, ಶಾಲೆ, ಸುಳ್ಳು ಪತ್ರಿಕೆಗಳು.
ಆದರೆ ನಮ್ಮೂರಲ್ಲಿ ಯಾರು ಸತ್ತರೆಂದು ಅವನಿಗೆ ಗೊತ್ತಿಲ್ಲ.
ಉಸಿರೆಳೆದುಕೊಳ್ಳುವ ಜಾಗವನ್ನೂ ಕತ್ತರಿಸಿರುತ್ತಾರೆ.
ಎಂಟೂ ಹತ್ತಕ್ಕೆ ಚಿನ್ನದ ನಾಣ್ಯ ಮಾರುತ್ತಾನೆ.

ಆಗ ರೇಡಿಯೋ ಆರಿಸಿ
ಮೇಜಿನ ಮೇಲೆ ಬೆರಳಿಟ್ಟು ಎಣಿಸುತ್ತೇನೆ.
ಹೆಚ್ಚು ಸಲ
ಒಂಬತ್ತು ಹತ್ತರ ಹೊತ್ತಿಗೆ ಫ್ರಿಜ್ಜು ಗುರ್ರೆನ್ನುತ್ತದೆ.