ಎಷ್ಟು ಸಾಕು

ನವೆಂಬರ್. ಡಂಡಿಯಲ್ಲಿ ಮಧ್ಯಾಹ್ನ ನಾಲ್ಕಕ್ಕೇ
ಟೇ ನದಿ ಕಣ್ಣಿಗೆ ಕಾಣದಾಗುತ್ತದೆ.
ಐಸಿಯು ಪಕ್ಕದ ಟೀ ಕೋಣೆಯಲ್ಲಿ
ಬಿಸ್ಕತ್ತಿನ ಡಬ್ಬಿಯಡಿ ಯಾರೋ ಇಟ್ಟುಹೋದ ಪ್ರಶ್ನಾವಳಿ:
ನಿಮ್ಮ ರೋಗಿಯ ರಕ್ತದಲ್ಲಿ ಆಮ್ಲಜನಕ
ಶೇಕಡಾ ಎಷ್ಟಿದ್ದರೆ ನಿಮಗೆ ಸಮಾಧಾನ?

ಎಲ್ಲರೂ ಗುರುತು ಹಾಕಿದೆವು,
ಮೇಷ್ಟರ ಮುಂದಿನ ಜಾಣ ಮಕ್ಕಳ ಹಾಗೆ,
ತೊಂಬತ್ತರಿಂದ ತೊಂಬತ್ನಾಲ್ಕು ಎಂಬ ಒಂದೇ ಚೌಕಕ್ಕೆ.
ಡಾಕ್ಟರ್ ಕಿನ್ನಿಯರ್ ಹಸಿರು ಶಾಯಿಯಲ್ಲಿ ಅಂಚಿಗೆ ಬರೆದರು:
ಹೆಚ್ಚಾದರೆ ಇದೂ ಸುಡುತ್ತದೆ.
ಆಮೇಲೆ ಬಿಸ್ಕತ್ತು ಅದ್ದುತ್ತ ಹೇಳಿದರು,
ತಮ್ಮ ಮನೆಗೆ ಪಿಯಾನೊ ಶ್ರುತಿ ಮಾಡಲು ಬರುತ್ತಿದ್ದವನ ಕತೆ.
ತಿಂಗಳು ತುಂಬದೆ ಹುಟ್ಟಿದ ಕೂಸು.
ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಾಪ ಎಂದು,
ಪ್ರೀತಿಯಿಂದ, ಧಾರಾಳವಾಗಿ, ಗಾಳಿ ಸುರಿದರು.
ಬದುಕಿದ. ಕಣ್ಣು ಹೋಯಿತು.
'ಯಾರೂ ಕೆಟ್ಟವರಿರಲಿಲ್ಲ ಅಲ್ಲಿ' ಅಂದರು.
ಅದ್ದಿದ ಬಿಸ್ಕತ್ತು ಮುರಿದು ಕಪ್ಪಿನ ತಳ ಸೇರಿತ್ತು.

ರಾತ್ರಿಯ ಮಾತು ಬೇರೆ.

ಏಳನೇ ಹಾಸಿಗೆಯಲ್ಲಿ ವ್ಯಾಟಿ ಪೆಟ್ರಿ,
ಹದಿನಾರಕ್ಕೇ ಸೆಣಬಿನ ಗಿರಣಿ ಸೇರಿ
ಮೂವತ್ತು ವರ್ಷ ದೂಳು ಕುಡಿದವನು.
ಈಗ ನ್ಯುಮೋನಿಯಾ, ಗಂಟಲಲ್ಲಿ ಕೊಳವೆ.
ಪರದೆಯ ಮೇಲೆ ನೀಲಿ ಅಂಕಿ: ತೊಂಬತ್ತೊಂಬತ್ತು.
ಯಂತ್ರದಲ್ಲಿ ಆಮ್ಲಜನಕ ಅರವತ್ತಕ್ಕೆ ನಿಂತಿದೆ,
ನಿನ್ನೆಯಿಂದ.

ಚಾರ್ಟು ತಿರುವಿದೆ. ತೊಂಬತ್ತೆಂಟು, ತೊಂಬತ್ತೊಂಬತ್ತು,
ನೂರು, ತೊಂಬತ್ತೊಂಬತ್ತು.
ಪಕ್ಕದಲ್ಲಿ ಸಹಿಗಳು:
ಗುರುತು ಹಾಕಿದವರದೇ. ಎರಡು ಕಡೆ ನನ್ನದೂ.

'ಇಳಿಸಿದರೆ ಅಲಾರಂ ಬಡಿದುಕೊಳ್ಳುತ್ತೆ' ಅಂದಳು ಮೊರಾಗ್,
ಇಪ್ಪತ್ತೆರಡು ವರ್ಷದ ನರ್ಸು, ಅಂದರೆ ಅಷ್ಟು ವರ್ಷ ಇಲ್ಲೇ.
'ಬಡಿದರೆ ಆ ಹುಡುಗಿ ಏಳ್ತಾಳೆ.
ಒಂದಿಷ್ಟು ಮೇಲಿದ್ದರೆ ನನಗೂ ಸ್ಯಾಂಡ್‌ವಿಚ್ ತಿನ್ನುವಷ್ಟು ಹೊತ್ತು.
ಬೇಕಿದ್ದರೆ ಬರಕೋ ನಿನ್ನ ಫಾರ್ಮಿನಲ್ಲಿ.'

ನನ್ನ ಕಷ್ಟ ಬೇರೆ; ಅದಕ್ಕೆ ಚೌಕವಿಲ್ಲ.
ಇವರಿಗದು ಆಕ್ಸಿಜನ್, ಎಂಟನೆಯ ಮೂಲವಸ್ತು, ಒಂದು ಔಷಧಿ.
ನನಗೆ ಮೊದಲು ಕಲಿಸಿದ ಹೆಸರು ಪ್ರಾಣವಾಯು.
ಆ ಹೆಸರಿಟ್ಟವರು
ಗುಂಡಿಯನ್ನು ಎಡಕ್ಕೆ ತಿರುಗಿಸಬೇಕಾದ ಕೈಯನ್ನು
ಒಮ್ಮೆ ನೆನೆಯಬಾರದಿತ್ತೆ?
ಪ್ರಾಣ ಕಡಿಮೆ ಮಾಡು ಅಂದರೆ
ಯಾವ ಬೆರಳು ಕೇಳುತ್ತದೆ?

ಹುಡುಗಿ ಎದ್ದೇ ಇದ್ದಳು. ಐಲ್ಸಾ, ಕೊನೆಯ ಮಗಳು.
'ಯಾಕೆ ಇಳಿಸ್ತೀರ? ದುಬಾರಿಯಾ ಅದು?'
'ಅಲ್ಲ.'
'ಅಪ್ಪನಿಗೆ ಇನ್ನು ದಂಡ ಅಂತಲಾ?'
'ಅಲ್ಲ, ಅಲ್ಲ.'
ಉಪ್ಪಿನ ಮಾತು ಹೇಳಿದೆ. ಅರ್ಥವಾಗಲಿಲ್ಲ.
ನನಗೆ ನೆನಪಾದದ್ದು ದೊಡ್ಡಮ್ಮನ ಬೆಲ್ಲದ ಪಾಕ:
ಸೌಟಿನಿಂದ ಒಂದು ಹನಿ ಬೆರಳಿಗೆ, ಬೆರಳಿಂದ ಬೆರಳಿಗೆ ಎಳೆ.
ಹದ ಎಂದರೆ ಏನೆಂದು ಈ ಊರಿನ ಭಾಷೆಯಲ್ಲಿ
ರಾತ್ರಿ ಮೂರಕ್ಕೆ ಹೇಗೆ ಹೇಳುವುದು?
'ಹೆಚ್ಚಾದರೂ ನೋವು ಮಾಡುತ್ತೆ,' ಅಂದೆ. 'ನಾನು ಇಲ್ಲೇ ನಿಂತಿರ್ತೀನಿ.'

ಅರವತ್ತು. ಐವತ್ತೈದು. ಐವತ್ತು.
ಕಾಯುವುದು.
ನೀಲಿ ಅಂಕಿ ಇಳಿಯಿತು, ಮೆಟ್ಟಿಲು ತಡವುವ ಮುದುಕನಂತೆ:
ತೊಂಬತ್ತೇಳು. ತೊಂಬತ್ತೈದು.
ಐಲ್ಸಾ ಅಪ್ಪನ ಪಾದ ಹಿಡಿದು ಪರದೆ ನೋಡುತ್ತಿದ್ದಾಳೆ.
ನಾನು ಅವನ ಎದೆ ನೋಡುತ್ತಿದ್ದೇನೆ, ಹಾಗೆಂದುಕೊಂಡು
ಪರದೆಯನ್ನೇ ನೋಡುತ್ತಿದ್ದೇನೆ.
ತೊಂಬತ್ಮೂರು.
ಮೊರಾಗ್ ಸ್ಯಾಂಡ್‌ವಿಚ್ ಕೆಳಗಿಟ್ಟಳು.
ತೊಂಬತ್ತೆರಡು.

ಹಗಲಲ್ಲಿ ಗುರುತು ಹಾಕಿದ ಅಂಕಿ ಇದೇ,
ಕಾಗದದ ಮೇಲೆ ಎಷ್ಟು ಚಿಕ್ಕದಿತ್ತು.
ಕೈ ತಾನಾಗಿ ಗುಂಡಿಯ ಕಡೆ ಹೋಯಿತು.
ಇನ್ನೊಂದು ಕೈಯಲ್ಲಿ ಅದನ್ನು ಹಿಡಿದೆ,
ಮದುವೆಮನೆಯಲ್ಲಿ ಲಾಡುವಿಗೆ ನುಗ್ಗುವ ಮಗುವನ್ನು ಹಿಡಿದ ಹಾಗೆ.

ತೊಂಬತ್ತೆರಡು. ತೊಂಬತ್ತೆರಡು.
ತೊಂಬತ್ತೊಂದು ಬಂದು ಇಣುಕಿ ಹೋಯಿತು.

ಬೆಳಿಗ್ಗೆ ಏಳಕ್ಕೆ, ಇನ್ನೂ ಕತ್ತಲೆ,
ಸೇತುವೆ ಮೇಲೆ ರೈಲಿನ ಕಿಟಕಿಗಳ ಸಾಲು.
ಪಾಳಿ ಬದಲಾಯಿತು. ನಾನು ಕೋಟು ಹುಡುಕುವಷ್ಟರಲ್ಲಿ
ಹೊಸ ಹುಡುಗ, ಒಳ್ಳೆಯವನು, ನಿಯಮ ಬಲ್ಲವನು,
ಏಳನೇ ಹಾಸಿಗೆಯತ್ತ ಒಮ್ಮೆ ನೋಡಿ
ಅರವತ್ತಕ್ಕೆ ಏರಿಸಿದ.
'ಸುಮ್ಮನೆ,' ಅಂದ, 'ಸುರಕ್ಷಿತ ಇರಲಿ ಅಂತ.'

ಐಲ್ಸಾ ನನ್ನತ್ತ ನೋಡಿದಳು.
ಕೋಟಿನ ಒಂದು ತೋಳು ತೊಟ್ಟವಳು
ಹಿಂದಕ್ಕೆ ಬಂದೆ.