ಹರಳು

ಮಾಪ್ಸಾ ಸಂತಿ. ಶುಕ್ರವಾರ. ಹನ್ನೊಂದರ ಬಿಸಲು.
ನಿಂಬಿಹಣ್ಣು ಹತ್ತಕ್ಕ ಮೂರು ಅನ್ನೂದರಾಗ
ಮೂ ಅಂದು ನಿಂತುಬಿಟ್ಟೆ.
ಬಲಕ್ಕ, ಹಿಂದ, ಕಡೀ ಎಲುಬಿನ ಕೆಳಗ
ಯಾರೋ ಒಳಗ ಕುಂತು ಅರಿವಿ ಹಿಂಡಿದಂಗ.

ಹೋತು ಅಂದೆ. ಬಂತು.
ಕುಂತರ ಇಲ್ಲ, ನಿಂತರ ಇಲ್ಲ,
ಖಾಲಿ ಚೀಲದ ಮ್ಯಾಲ ಹೊಳ್ಳಿ ಮಲಗಿದರೂ ಇಲ್ಲ.
ಬೆನ್ನಿಂದ ಹೊಟ್ಟಿಗೆ, ಹೊಟ್ಟಿಯಿಂದ ತೊಡಿಸಂದಿಗೆ,
ಊರೂರು ತಿರಗೂ ಚಟ ಅದಕ್ಕ
ನನ್ನ ಗಂಡನಂಗ.

ಬಸ್‌ಸ್ಟ್ಯಾಂಡ್ ಬಾಜೂದ ಡಾಕ್ಟರ ಮುಟ್ಟಲಿಲ್ಲ.
ಗ್ಯಾಸ್ ಅಂದ, ಗುಲಾಬಿ ಔಷಧ ಕೊಟ್ಟ.
ಇನ್ನೊಬ್ಬ ಅಂದ, ಭಾರ ಎತ್ತಬ್ಯಾಡ.
ಬುಟ್ಟಿ ತಾನ ನಡಕೊಂತ ಬರತೈತೇನು?
ನೆಗೆಣ್ಣಿ ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕಿದಳು,
ಘಾಟು ಬರಲಿಲ್ಲ, ದೃಷ್ಟೀನ ಅಂದಳು.
ಅವಳ ಕಾಲ ಮ್ಯಾಲ ವಾಂತಿ ಮಾಡಿಕೊಂಡೆ.

ಗುರುತು ಹಿಡದಾಕಿ ಹಜರತ್‌ಬಿ,
ಎದುರಿನ ಕಟ್ಟಿಯ ಬಳಿಗಾರ್ತಿ.
ಒಂದಕ್ಕ ಹೋದರ ಬಣ್ಣ ಯಾವುದು?
ನಾಚಿಕಿ ಆತು. ಕೋಕಂ ನೆನಸಿದ ನೀರು, ಅಂದೆ.
ಚಳಿಜ್ವರ?
ಇಲ್ಲ.
ಬಂತಂದ್ರ ಒಂದು ತಾಸೂ ಕಾಯಂಗಿಲ್ಲ. ಏಳು.
ತಮ್ಮನ ಕೂಡ ಮೂರು ರಾತ್ರಿ ಕುಂತೀನಿ ನಾನು.
ಬಳಿ ಪೆಟ್ಟಿಗಿ ಮುಚ್ಚಿ, ಶುಕ್ರವಾರದ ಯಾಪಾರ ಬಿಟ್ಟು
ಬಾಂಬೋಳಿ ಬಸ್ ಹತ್ತಿಸಿದಳು.

ಮೂತ್ರದ ಡಾಕ್ಟರು ಬ್ಯಾರೇನ ಇರತಾರಂತ.
ಗಂಡಸರಿಗಷ್ಟ ಅಂದುಕೊಂಡಿದ್ದೆ.
ಚೀಟಿ, ಸಾಲು, ಮತ್ತೊಂದು ಚೀಟಿ,
ಹೊಟ್ಟಿಗೆ ತಣ್ಣನ ಅಂಟು ಸವರಿ ಟಿವಿಯಾಗ ಹುಡುಕಿದರು.
ಸಣ್ಣ ವಯಸ್ಸಿನ ಡಾಕ್ಟರ,
ಬೆನ್ನಿಗೆ ಒಂದ ಏಟು ಮೆಲ್ಲಕ ಬಡದ,
ನಾ ಚೀರಿದ್ದಕ್ಕ ನಗಲಿಲ್ಲ. ಕೇಳಿದ:
ದಿಸಾಕ ಕಿತ್ಲೆಂ ಉದಕ ಪಿಯೆತಾ?

ಯಾರೂ ಕೇಳಿರಲಿಲ್ಲ.
ಯಾವ ಭಾಷಾದಾಗ ಹೇಳಲಿ,
ನೀರು ಕುಡದರ ಒಂದಕ್ಕ ಬರತೈತಿ,
ಸಂತಿ ಪಾಯಖಾನಿಗೆ ಕದ ಐತಿ, ಚಿಲಕಿಲ್ಲ,
ಮ್ಯಾಲ ಐದು ರೂಪಾಯಿ.
ನಸುಕಿನಾಗ ಅರ್ಧ ಕಪ್ಪು ಚಾ, ಕತ್ತಲಾಗೂತನಕ ಅಷ್ಟ.
ಬಾಯಿಲೆ ಒಂದಿಷ್ಟು, ಕೈಲೆ ಒಂದಿಷ್ಟು ಹೇಳಿದೆ.
ತಿಳೀತು. ಬರಕೊಂಡ.

ಕಾರವಾರದ ನರ್ಸ್ ಬಾಗಿ ಅಂದಳು,
ಹರಳಿದೆ ಅಮ್ಮಾ, ಜೋಳದ ಕಾಳಿನಷ್ಟು.
ನೋವಿನಾಗೂ ನಗು ಬಂತು.
ಮದುವಿಯಾಗ ಹರಳಿನ ಬೆಂಡೋಲಿ ಹಾಕತೀವಿ ಅಂದಿದ್ದರು.
ಹದಿನೆಂಟು ವರ್ಷ ಕಿವಿಗೆ ಬರಲಿಲ್ಲ,
ಇಲ್ಲಿ ಬಂದು ಕುಂತೈತಿ.

ತಾನ ಬಿದ್ದರೂ ಬೀಳಬಹುದು, ಎರಡು ವಾರಕ್ಕ ಬಾ,
ನೀರು ಕುಡಿ, ನಿಂಬಿ ಹಿಂಡಿಕೊಂಡು.
ನಿಂಬಿ! ನನಗ!

ಮುಂದಿನ ಶುಕ್ರವಾರ ಬುಟ್ಟಿ ಬಾಜೂಕ ಬಾಟಲಿ.
ತಾಸಿಗೊಮ್ಮೆ ಎರಡೂ ಅಂಗಡಿ ದೇವರ ಮ್ಯಾಲ ಬಿಟ್ಟು
ಹಜರತ್‌ಬಿ ಹೊರಗ ನಿಂತು ಕದ ಹಿಡಕೋತಾಳ.
ಟಿಣ್ ಅಂದರ ಹೇಳಲೇ, ಅಂತಾಳ,
ಉಂಗುರಕ್ಕ ಕೂಡಿಸೂಣು.