ಸಿ-ಹದಿನಾಲ್ಕು

ದಾವಣಗೆರೆ, ಹದಡಿ ರಸ್ತೆಯಾಚೆ ಹಾಸ್ಟೆಲ್ಲಿನ ಸೈಟು.
ನನಗೆ ಇಪ್ಪತ್ನಾಲ್ಕು. ಹೆಲ್ಮೆಟ್ಟು ಒಂದು ಸೈಜು ದೊಡ್ಡದು.
ಇಂಟರ್‌ವ್ಯೂನಲ್ಲಿ ಕೇಳಿದ್ದರು, ಮ್ಯಾನೇಜ್‌ಮೆಂಟ್ ಎಂದರೇನು?
ಸಮಯ, ಸಾಮಗ್ರಿ, ಹಣ, ಜನ ಎಂದು
ಒಂದೇ ಉಸಿರಿಗೆ ಒಪ್ಪಿಸಿದ್ದೆ.

ಇವತ್ತು ದಾರ ಇಳಿಬಿಟ್ಟೆ.
ಗುಂಡು ತೂಗಿ ತೂಗಿ ನಿಂತಿತು.
ಮೇಲೆ ಎರಡು ಬೆರಳ ಸಂದು, ಕೆಳಗೆ ಮೂರೂವರೆ.
ಗಾಳಿಯಿಲ್ಲ; ದೂರದ ಮಂಡಕ್ಕಿ ಭಟ್ಟಿಯ ಹೊಗೆಯೂ
ನೆಟ್ಟಗಿತ್ತು.
ಕಂಬ ಇರಲಿಲ್ಲ.

ಒಂದೂವರೆ ಬೆರಳು,
ಎರಡು ಕೋಟು ಪ್ಲಾಸ್ಟರಿಗೆ ಮುಚ್ಚಿಹೋಗುವಷ್ಟೇ.
ಚಮನ್‌ಸಾಬ್ ಬೀಡಿಯನ್ನು ಕಿವಿಗೆ ಸಿಕ್ಕಿಸಿದ:
"ನೀವು ಹುಟ್ಟೋಕ್ಕಿಂತ ಮುಂಚಿನ ಕರಣೆ ಮೇಡಂ ಇದು."
ಹೌದು, ಹಿಡಿ ಅವನ ಅಂಗೈಯ ಗುಣಿಗೆ ಸವೆದಿತ್ತು.
ಗುರುವಾರ ಸ್ಲ್ಯಾಬು.
ಫೋನಿನಲ್ಲಿ ಕಂಟ್ರಾಕ್ಟರರ ಮೂರು ಮಿಸ್ಡ್ ಕಾಲು.
ರಿಜಿಸ್ಟರಿನಲ್ಲಿ ನನ್ನ ಸಹಿಯ ಜಾಗ ಖಾಲಿ.

ಒಡೀರಿ, ಅಂದೆ.
ಜಲ್ಲಿ ಸಿಕ್ಕ ಗಂಟಲಿನ ದನಿ.

ಮಿಕ್ಸರು ನಿಂತಿತು.
ಬಾಂಡ್ಲಿ ಹೊತ್ತ ದುರುಗಮ್ಮ ಇಳಿಸದೆ ನಿಂತಳು.
ಹೆಲ್ಪರನ ಕೈಯಿಂದ ಸುತ್ತಿಗೆ ಕಸಿದು
ಮೊದಲ ಏಟು ಅವನೇ ಹಾಕಿದ,
ಮಗನನ್ನು ಊರವರು ಬಡಿಯುವ ಮೊದಲು
ತಾನೇ ಕೈಯೆತ್ತಿದವನ ಹಾಗೆ.

ಸಂಜೆ, ಪೇಪರಿನ ಮೇಲೆ ಮಂಡಕ್ಕಿ, ಎರಡು ಮೆಣಸಿನಕಾಯಿ.
ಮಾತಿಲ್ಲ. ಪೇಪರನ್ನು ಒಂದಿಷ್ಟು ನನ್ನತ್ತ ದೂಡಿದ.
ನಾನು ಬರೆಯುತ್ತಲೇ ಇದ್ದೆ:
ಸಿಮೆಂಟು ಇಷ್ಟು, ಕೂಲಿ ಇಷ್ಟು, ನಷ್ಟ ಒಂದೂವರೆ ದಿನ.
ಯಾವ ಕಾಲಮ್ಮಿಗೂ ಹೊಂದದ್ದು ಒಂದು ಉಳಿಯಿತು.

ಕೈ ಕೊಡವಿ ಎದ್ದ.
"ನಾಳೆ ಮೇಲೆ ಹತ್ತಿ ದಾರ ನಾ ಹಿಡೀತೀನಿ.
ಕಣ್ಣು ಮಂಜಾಗೈತ್ರಿ.
ಗುಂಡು ನೀವು ನೋಡ್ರಿ."